ಪ್ರಶ್ನಾವಳಿ ಇನ್ನು ಟ್ಯಾಬ್‌ನಲ್ಲಿ, ವೇಗದ ಪರೀಕ್ಷೆ ಕಾಗದದಲ್ಲೇ

ಮಾನ್ಯರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕೇಂದ್ರದಲ್ಲಿ ಖಿನ್ನತೆಯ ಪಿಎಚ್‌ಕ್ಯೂ-9 ಮತ್ತು ಆತಂಕದ ಜಿಎಡಿ-7 ಪ್ರಶ್ನಾವಳಿಗಳನ್ನು ಟ್ಯಾಬ್‌ನಲ್ಲಿ ತುಂಬಿಸಿಕೊಳ್ಳುತ್ತೇವೆ. ಶುಲ್ಕ ಮೊದಲಿನಷ್ಟೇ.

ಈ ಬದಲಾವಣೆಗೆ ಮುಖ್ಯ ಕಾರಣ ಒಂದೇ ಒಂದು ಪ್ರಶ್ನೆ. ಪಿಎಚ್‌ಕ್ಯೂ-9ರಲ್ಲಿ ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಕೊನೆಯದು ಸಾವಿನ ಅಥವಾ ತನಗೆ ತಾನೇ ಘಾಸಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಉಳಿದ ಎಂಟೂ ಸೇರಿ 3, ಇದಕ್ಕೆ 1 ಬಂತೆನ್ನಿ. ಮೊತ್ತ 4, ಅಂದರೆ ಖಿನ್ನತೆಯ ತೀವ್ರತೆ ತೋರಿಸುವ ಕೋಷ್ಟಕದ ತೀರಾ ಕೆಳಗಿನ ಮಟ್ಟ. ಕಾಗದದ ಮೇಲೆ ಮೊತ್ತವನ್ನಷ್ಟೇ ನೋಡಿದರೆ ಆ ಒಂದು ಅಂಕ ಕಣ್ತಪ್ಪುತ್ತದೆ. ಟ್ಯಾಬ್‌ನಲ್ಲಿ ಅಲ್ಲಿ 0 ಬಿಟ್ಟು ಬೇರೇನು ಒತ್ತಿದರೂ ಮನಶ್ಶಾಸ್ತ್ರಜ್ಞರಿಗೆ ಆಗಲೇ ಸೂಚನೆ ಹೋಗುತ್ತದೆ. ನೀವು ಹೊರಡುವ ಮುನ್ನ ಅವರೇ ಬಂದು ಮಾತಾಡುತ್ತಾರೆ. ದಯವಿಟ್ಟು ಅಳುಕದೆ ಇದ್ದದ್ದನ್ನೇ ಒತ್ತಿ.

ಲಿಂಕ್ ಮನೆಗೇ ಕಳಿಸಿ ಎಂದು ಕೇಳಬೇಡಿ. ರಾತ್ರಿ ಹನ್ನೊಂದಕ್ಕೆ ಒಬ್ಬರು ಆ ಪ್ರಶ್ನೆಗೆ 3 ಒತ್ತಿದರೆ ಇಲ್ಲಿ ನೋಡುವವರು ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಗಡಿಯಾರ ಹಿಡಿದು ಮಾಡಿಸುವ ಪರೀಕ್ಷೆಗಳು, ಅಂದರೆ ಅಂಕಿಗೆ ಚಿಹ್ನೆ ಬರೆಯುವುದು, ಸಾಲಿನಲ್ಲಿ ಅಕ್ಷರ ಹುಡುಕಿ ಗೀಟು ಹಾಕುವುದು, ಪೆನ್ಸಿಲ್ಲಿನಲ್ಲೇ ಮುಂದುವರಿಯುತ್ತವೆ. ಅವುಗಳ ನಾರ್ಮ್ಸ್ ಕೋಷ್ಟಕ, ಅಂದರೆ ನಿಮ್ಮ ಅಂಕವನ್ನು ಇತರರ ಅಂಕದೊಡನೆ ಹೋಲಿಸುವ ಪಟ್ಟಿ, ತಯಾರಾದದ್ದು ಪೆನ್ಸಿಲ್ ಹಿಡಿದವರಿಂದ. ಗೀಟು ಎಳೆಯುವ ವೇಗ ಬೇರೆ, ಗಾಜು ಮುಟ್ಟುವ ವೇಗ ಬೇರೆ. 1993ರಲ್ಲಿ ಮೀಡ್ ಮತ್ತು ಡ್ರಾಸ್ಗೋ ಎಂಬ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವೇಗ ಮುಖ್ಯವಲ್ಲದ ಸಾಮರ್ಥ್ಯ ಪರೀಕ್ಷೆಗಳಲ್ಲಿ ಕಾಗದದ ಅಂಕಕ್ಕೂ ಕಂಪ್ಯೂಟರ್ ಅಂಕಕ್ಕೂ ಸಹಸಂಬಂಧ (1 ಎಂದರೆ ಎರಡೂ ಪೂರ್ತಿ ಹೊಂದುತ್ತವೆ ಎಂದರ್ಥ) 0.97 ಇತ್ತು; ವೇಗದ ಪರೀಕ್ಷೆಗಳಲ್ಲಿ 0.72 ಮಾತ್ರ. ಅಷ್ಟು ಅಂತರವಿಟ್ಟುಕೊಂಡು ನಿಮ್ಮ ಮಗುವಿಗೆ ಪ್ರಮಾಣಪತ್ರ ಬರೆದುಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಬರುವಾಗ ಓದುವ ಕನ್ನಡಕ ತನ್ನಿ, ಹದಿನೈದು ನಿಮಿಷ ಮೊದಲೇ ಬನ್ನಿ. ತೆರೆಯ ಮೇಲೆ ಒಂದು ಸಲಕ್ಕೆ ಒಂದೇ ಪ್ರಶ್ನೆ. ಯಾವ ಉತ್ತರವನ್ನೂ ಮೊದಲೇ ಗುರುತು ಹಾಕಿಟ್ಟಿರುವುದಿಲ್ಲ. ತಪ್ಪಿ ಒತ್ತಿದರೆ "ಹಿಂದೆ" ಗುಂಡಿ ಇದೆ. ಜೊತೆಗೆ ಬಂದವರು ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬಾರದು. ಗಂಡನೋ ಅತ್ತೆಯೋ ನೋಡುತ್ತಿದ್ದರೆ ಕೈ 0ಯ ಕಡೆಗೇ ಹೋಗುತ್ತದೆ. ಓದಲು ಕಷ್ಟವಾದವರಿಗೆ ನಮ್ಮ ಸಿಬ್ಬಂದಿ ಪ್ರಶ್ನೆಯನ್ನು ಇದ್ದಂತೆಯೇ ಓದಿ ಹೇಳುತ್ತಾರೆ, ಅರ್ಥ ಬಿಡಿಸುವುದಿಲ್ಲ. ಕಾಗದವೇ ಬೇಕೆಂದರೆ ಅದೂ ಸಿಗುತ್ತದೆ. ಆಗ ಒಂಬತ್ತನೇ ಪ್ರಶ್ನೆಯನ್ನು ನಿಮ್ಮೆದುರೇ ನೋಡುತ್ತೇವೆ.

ಕಂಪ್ಯೂಟರ್ ಅಂಕ ಕೂಡುತ್ತದೆ, ಅಷ್ಟೇ. ಪಿಎಚ್‌ಕ್ಯೂ-9ರಲ್ಲಿ 10 ಅಥವಾ ಹೆಚ್ಚು ಬಂದ ಮಾತ್ರಕ್ಕೆ ಖಿನ್ನತೆ ಎಂದು ತೀರ್ಮಾನಿಸುವುದಿಲ್ಲ. ಸಂದರ್ಶನ ಮಾಡಿ, ಮನಶ್ಶಾಸ್ತ್ರಜ್ಞರು ಸಹಿ ಹಾಕಿದ ವರದಿಯನ್ನೇ ನಿಮ್ಮ ಕೈಗೆ ಕೊಡುತ್ತೇವೆ. ವಾಟ್ಸಾಪ್‌ನಲ್ಲಿ ಕಳಿಸುವುದಿಲ್ಲ.

ಇಂತಿ,
ಪರೀಕ್ಷಾ ವಿಭಾಗ