‘ಟ್ಯಾಕ್’ ಅನ್ನುವುದಕ್ಕೆ ಮೊದಲು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ಪತ್ರ ಅನ್ನುವುದಕ್ಕಿಂತ ದೂರು ಅನ್ನಬೇಕು. ಸಂಜೆಯ ಹಾಯಿದೋಣಿ ರೇಸಿನಲ್ಲಿ ಬಲಗಡೆ ಗಾಳಿ ಜಾಸ್ತಿ ಇತ್ತು, ನಾನು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ದೋಣಿ ಎಡಕ್ಕೇ ಹೋಯಿತು, ಹಿಂದೆ ಬಿದ್ದೆವು. ಇಷ್ಟೇ ಅಲ್ವಾ?

ಬಲಗಡೆ ಗಾಳಿ ಇತ್ತು ಅನ್ನುವುದನ್ನು ನಾನು ನಂಬುತ್ತೇನೆ. ಗಾಳಿ ತಾಗಿ ನೀರಿನ ಮೇಲೆ ಮೂಡುವ ಕಪ್ಪು ಪಟ್ಟೆಗಳನ್ನು ಓದುವುದು ನಿನಗೆ ಚೆನ್ನಾಗಿ ಬರುತ್ತದೆ. ಆದರೆ ಅದನ್ನು ಹೇಳಿದ್ದು ಯಾವಾಗ? ಸ್ಟಾರ್ಟ್ ಆಗಿ ಎರಡು ನಿಮಿಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ನಿಮ್ಮ ಬಲಗಡೆ, ಸ್ವಲ್ಪ ಹಿಂದೆ, ಇನ್ನೊಂದು ದೋಣಿ ಅಂಟಿಕೊಂಡಿತ್ತು ಅಂತ ನೀನೇ ಬರೆದಿದ್ದೀಯ. ಬಲಕ್ಕೆ ಹೋಗಲು ಟ್ಯಾಕ್ ಮಾಡಬೇಕು, ಅಂದರೆ ಮೂತಿಯನ್ನು ಗಾಳಿ ಬರುವ ದಿಕ್ಕು ದಾಟಿಸಿ ಇನ್ನೊಂದು ಕಡೆಗೆ ತಿರುಗಿಸಬೇಕು. ಹಾಗೆ ಟ್ಯಾಕ್ ಮಾಡುವ ದೋಣಿ ಉಳಿದವರಿಗೆ ದಾರಿ ಬಿಡಬೇಕು. ನಿಮ್ಮ ಸ್ಕಿಪ್ಪರ್ ನಿನ್ನ ಮಾತು ಕೇಳಿಸಿಕೊಂಡಿದ್ದರೂ ಅವರಿಗೆ ತಿರುಗಲು ಜಾಗವೇ ಇರಲಿಲ್ಲ. ಬೇಡ ಅಂತ ಅವರು ಸುಮ್ಮನಿದ್ದದ್ದಲ್ಲ, ಆಗದು ಅಂತ ಸುಮ್ಮನಿದ್ದದ್ದು.

ಬಲಕ್ಕೆ ಹೋಗಬೇಕು ಅಂದರೆ ಅದನ್ನು ಸ್ಟಾರ್ಟಿಗೆ ಐದು ನಿಮಿಷ ಇದೆ ಅನ್ನುವ ಬಾವುಟ ಏರುವ ಹೊತ್ತಿಗೇ ಹೇಳಬೇಕು. ಆಗ ಸ್ಕಿಪ್ಪರ್ ಸ್ಟಾರ್ಟ್ ಗೆರೆಯ ಬಲತುದಿಯಲ್ಲಿ, ಸಾಮಾನ್ಯವಾಗಿ ರೇಸ್ ನಡೆಸುವ ಕಮಿಟಿಯ ದೋಣಿ ನಿಲ್ಲುವ ಕಡೆ, ಜಾಗ ಹುಡುಕುತ್ತಾರೆ. ಅಲ್ಲಿಂದ ಹೊರಟರೆ ಮೇಲ್ಗಡೆ, ಅಂದರೆ ಗಾಳಿ ಬರುವ ಕಡೆ, ತಡೆಯುವವರು ಕಡಿಮೆ. ಕ್ಷಣದಲ್ಲಿ ಟ್ಯಾಕ್ ಮಾಡಿ ಬಲಕ್ಕೆ ಹೊರಟುಬಿಡಬಹುದು. ಬಾವುಟಗಳ ಲೆಕ್ಕ ನಿಮಿಷಗಳಲ್ಲಿ: ಐದು, ನಾಲ್ಕು, ಒಂದು, ಸ್ಟಾರ್ಟ್. ಈ ನಡುವಿನ ಸಮಯವನ್ನು ಎಷ್ಟೋ ದೋಣಿಗಳು ಸುಮ್ನೆ ಸುತ್ತಾಡಿ ಕಳೆಯುತ್ತವೆ. (ಗಡಿಯಾರವನ್ನು ಬಾವುಟ ನೋಡಿ ಒತ್ತು, ಸದ್ದು ಕೇಳಿ ಅಲ್ಲ. ನಿಯಮದಲ್ಲಿ ಲೆಕ್ಕಕ್ಕೆ ಬರುವುದು ಬಾವುಟ.)

ಇಲ್ಲಿ ಒಂದು ತಕರಾರು ಬರುತ್ತದೆ. ಗೆರೆಯ ನಡುವೆ ದೋಣಿಯನ್ನು ನೇರ ಗಾಳಿಗೆ ಮುಖಮಾಡಿ ನಿಲ್ಲಿಸಿದರೆ ಮೂತಿ ಯಾವ ತುದಿಯತ್ತ ವಾಲುತ್ತದೋ ಆ ತುದಿ ಮೊದಲ ಮಾರ್ಕಿನ (ನಾವು ಸುತ್ತಿ ಬರಬೇಕಾದ ತೇಲುಗುರುತಿನ) ಕಡೆ ಮುಂದಿದೆ ಅಂತ ಅರ್ಥ. ಗೆರೆ 100 ಮೀಟರ್ ಉದ್ದ ಇದ್ದು, ಗಾಳಿಗೆ ನೇರ ಅಡ್ಡಲಾಗಿರದೆ 10 ಡಿಗ್ರಿ ಓರೆಯಾಗಿದ್ದರೆ ಎರಡು ತುದಿಗಳ ನಡುವೆ ಸುಮಾರು 17 ಮೀಟರ್ ವ್ಯತ್ಯಾಸ. ಎಡತುದಿ ಮುಂದಿದೆ, ಆದರೆ ಗಾಳಿ ಬಲಗಡೆ ಇದೆ ಅನ್ನುವಾಗ ಏನು ಮಾಡುತ್ತೀಯ? ನಾನಾದರೆ ಆ 17 ಮೀಟರ್ ಬಿಟ್ಟುಕೊಡುತ್ತೇನೆ. ಎಡತುದಿಯಲ್ಲಿ ಒಳ್ಳೆ ಸ್ಟಾರ್ಟ್ ಸಿಕ್ಕರೂ ಉಳಿದವರೆಲ್ಲ ನಿಮ್ಮ ಬಲಕ್ಕೆ ಗೋಡೆಯ ಹಾಗೆ ನಿಂತಿರುತ್ತಾರೆ. ಅವರಿಗೆ ಮನಸ್ಸು ಬರುವವರೆಗೆ ನಿಮಗೆ ತಿರುಗಲು ಆಗುವುದಿಲ್ಲ.

ಅದೇ ಲೆಕ್ಕ ಗಾಳಿ ತಿರುಗಿದಾಗಲೂ ಕೆಲಸಕ್ಕೆ ಬರುತ್ತದೆ. ನೀವೂ ಎದುರಾಳಿಯೂ ಅಡ್ಡಕ್ಕೆ 100 ಮೀಟರ್ ದೂರ ಇದ್ದೀರಿ, ಗಾಳಿ 10 ಡಿಗ್ರಿ ತಿರುಗಿತು ಅಂದರೆ ಒಬ್ಬರಿಗೆ ಸುಮಾರು 17 ಮೀಟರ್ ಲಾಭ, ಇನ್ನೊಬ್ಬರಿಗೆ ಅಷ್ಟೇ ನಷ್ಟ. ದೂರ ಎರಡರಷ್ಟಾದರೆ ಪಣವೂ ಎರಡರಷ್ಟು. ಬಲಕ್ಕೆ ಹೋಗು, ಆದರೆ ಎಲ್ಲರನ್ನೂ ಬಿಟ್ಟು ಒಂಟಿಯಾಗಿ ಮೂಲೆಗೆ ಹೋಗಬೇಡ. ಮಾರ್ಕಿಗೆ ನೇರವಾಗಿ ತಲುಪಿಸುವ ಕೊನೆಯ ಗೆರೆಯನ್ನು ತುಂಬಾ ಮೊದಲೇ ಮುಟ್ಟಿಬಿಟ್ಟರೆ ಆಮೇಲೆ ಗಾಳಿ ಯಾವ ಕಡೆ ತಿರುಗಿದರೂ ಲಾಭ ನಿಮ್ಮದಲ್ಲ.

ಪೋರ್ಟ್–ಸ್ಟಾರ್‌ಬೋರ್ಡ್ ವಿಷಯ ಕೇಳಿದ್ದೆಯಲ್ಲ, ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವು ಗಾಳಿ ಎಡಬದಿಯಿಂದ ತಗುಲುವ ಪೋರ್ಟ್ ಟ್ಯಾಕ್‌ನಲ್ಲಿ ಬಲಕ್ಕೆ ಹೊರಟಿದ್ದೀರಿ. ಅತ್ತ ಕಡೆಯಿಂದ ಸ್ಟಾರ್‌ಬೋರ್ಡ್ ದೋಣಿ ಬರುತ್ತಿದೆ. ಗಾಳಿ ಬಲಬದಿಯಿಂದ ತಗುಲುತ್ತಿರುವ ಅವರಿಗೆ ಹಕ್ಕು, ದಾರಿ ಬಿಡಬೇಕಾದವರು ನೀವು. ಮುಂದೆ ದಾಟಬಹುದು, ಟ್ಯಾಕ್ ಮಾಡಬಹುದು, ಇಲ್ಲವೇ ಅವರ ಹಿಂದಿನಿಂದ ಬಳಸಿ ಹೋಗಬಹುದು. ಯಾವುದು ಅನ್ನುವುದನ್ನು ಕಣ್ಣೇ ಹೇಳುತ್ತದೆ. ಅವರ ಹಿಂದೆ ಕಾಣುವ ದಡವನ್ನು ನೋಡು. ಅವರ ಮೂತಿಯ ಮುಂದೆ ಹೊಸ ಹೊಸ ಮರಗಳು ಕಾಣುತ್ತಾ ಹೋದರೆ ನೀವು ಮುಂದೆ ದಾಟುತ್ತೀರಿ. ಮೂತಿ ಮರಗಳನ್ನು ನುಂಗುತ್ತಾ ಹೋದರೆ ಅವರೇ ಮುಂದೆ. ಏನೂ ಬದಲಾಗದೆ ದೋಣಿ ಮಾತ್ರ ದೊಡ್ಡದಾಗುತ್ತಿದ್ದರೆ ನೇರ ಡಿಕ್ಕಿಯೇ.

ಹಿಂದಿನಿಂದ ಬಳಸಿ ಹೋಗುವುದಕ್ಕೆ ಡಕ್ ಅನ್ನುತ್ತೇವೆ. ಅದರಲ್ಲಿ ಕಳೆದುಕೊಳ್ಳುವುದು ಕಡಿಮೆ, ಆದರೆ ಹೊತ್ತಿಗೆ ಸರಿಯಾಗಿ ಹೇಳಿದರೆ ಮಾತ್ರ. ಚುಕ್ಕಾಣಿ ಒಂದೇ ದೋಣಿಯನ್ನು ತಿರುಗಿಸಲಾರದು. ಗಾಳಿ ಜೋರಿದ್ದಾಗ ದೊಡ್ಡ ಹಾಯಿ, ಅಂದರೆ ಮೇನ್, ಬಿಗಿಯಾಗಿಯೇ ಇದ್ದರೆ ದೋಣಿ ಹಟ ಹಿಡಿಯುತ್ತದೆ, ಗಾಳಿಯಿಂದಾಚೆಗೆ ತಿರುಗುವುದೇ ಇಲ್ಲ. ಮೊದಲು ಮೇನ್ ಸಡಿಲವಾಗಬೇಕು, ಜೊತೆಗೆ ಮುಂದಿನ ಹಾಯಿ ಜಿಬ್ ಸ್ವಲ್ಪ, ಆಮೇಲೆ ಚುಕ್ಕಾಣಿ. ದೋಣಿ ವೇಗ ಹಿಡಿಯುತ್ತದೆ. ಅವರ ಹಿಂಬದಿಯನ್ನು ದಾಟುವಷ್ಟರಲ್ಲಿ ಎರಡೂ ಹಾಯಿಗಳನ್ನು ಮತ್ತೆ ಎಳೆದುಕೊಂಡು ಗಾಳಿಯತ್ತ ಏರುತ್ತಿರಬೇಕು. ಇಷ್ಟಕ್ಕೂ ಮೂರು ಜನರ ಕೈ ಬೇಕು. ನೀನು ಐದಾರು ದೋಣಿ ಉದ್ದ ಇರುವಾಗಲೇ ‘ಬಹುಶಃ ಡಕ್’ ಅಂದರೆ ಮೇನ್ ಹಿಡಿದವರು ಹಗ್ಗವನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಎರಡು ಉದ್ದ ಉಳಿದಾಗ ‘ಡಕ್’ ಅಂತ ಕಿರುಚಿದರೆ ಆಗುವುದು ಗಾಬರಿಯ ಟ್ಯಾಕ್. ಆಮೇಲೆ ಅವರ ಹಾಯಿ ಕದಡಿದ ಹೊಲಸು ಗಾಳಿಯಲ್ಲಿ ಸಿಕ್ಕಿಕೊಂಡು ಎಡಕ್ಕೆ ಪಯಣ. ‘ಬಹುಶಃ’ ಅಂತ ಮೊದಲೇ ಹೇಳುವುದು ಹೇಡಿತನವಲ್ಲ, ಪುಟ್ಟಿ. ಡಕ್ ಮಾಡಿ ಬಲಕ್ಕೆ ಹೋದವರು ಮುಂದಿನ ಸಲ ಸ್ಟಾರ್‌ಬೋರ್ಡ್‌ನಲ್ಲಿ ವಾಪಸ್ ಬರುವಾಗ ಹಕ್ಕು ಯಾರದ್ದು ಹೇಳು?

ಮಾರ್ಕ್ ಹತ್ತಿರವೂ ಇದೇ ಕಥೆ, ಅಲ್ಲಿ ಬೇಕಾದ್ದು ಮಾತ್ರ ಬೇರೆಯವರ ಕಣ್ಣು. ಮಾರ್ಕಿನ ಸುತ್ತ ದೋಣಿಯ ಮೂರು ಉದ್ದದಷ್ಟು ಜಾಗಕ್ಕೆ ಜೋನ್ ಅನ್ನುತ್ತಾರೆ. ಮೊದಲ ದೋಣಿ ಅದನ್ನು ಮುಟ್ಟುವಾಗ ಒಳಗಡೆ, ಅಂದರೆ ಮಾರ್ಕಿನ ಕಡೆ, ಅಕ್ಕಪಕ್ಕ ಇದ್ದವರಿಗೆ ಹೊರಗಿನವರು ಜಾಗ ಕೊಡಬೇಕು. ಅಕ್ಕಪಕ್ಕ ಇದ್ದೀರೋ ಇಲ್ಲವೋ ಅನ್ನುವುದು ಚುಕ್ಕಾಣಿಯಲ್ಲಿ ಕೂತವರಿಗೆ ಕಾಣುವುದಿಲ್ಲ, ಮುಂದೆ ನಿಂತವರಿಗೆ ಕಾಣುತ್ತದೆ. ಹೇಳುವ ಕೆಲಸ ಅವರಿಗೇ ಬಿಡು. ಮಾರ್ಕ್ ತಗುಲಿದರೆ ದಂಡವಾಗಿ ದೋಣಿಯ ಒಂದು ಸುತ್ತು, ಇನ್ನೊಬ್ಬರ ಹಕ್ಕಿಗೆ ಅಡ್ಡ ಬಂದರೆ ಎರಡು ಸುತ್ತು, ತಕ್ಷಣ ಹಾಕಿ ಮುಗಿಸಿ. ಯಾರದ್ದು ತಪ್ಪು ಅಂತ ವಾದ ಮಾಡುತ್ತಾ ಕೂತ ದೋಣಿಗಳು ಕಳೆದುಕೊಳ್ಳುವ ಸಮಯ ಇನ್ನೂ ಜಾಸ್ತಿ.

ಇನ್ನು ಸಂಜೆಯ ಗಾಳಿ. ಹಗಲು ಬೀಸಿದ್ದು ನೆಲ ಮತ್ತು ನೀರಿನ ಬಿಸಿಯ ವ್ಯತ್ಯಾಸದಿಂದ ಹುಟ್ಟಿದ ಗಾಳಿಯಾದರೆ, ಬಿಸಿಲು ಇಳಿದಂತೆ ನೆಲ ತಣ್ಣಗಾಗಿ ಅದು ಸೊರಗುತ್ತದೆ. ಒಂದೇ ಸಲ ಅಲ್ಲ, ತೇಪೆ ತೇಪೆಯಾಗಿ. ಕೆಳಗೆ ನೀರು ಕನ್ನಡಿಯಂತಿದ್ದರೂ ಮಾಸ್ಟ್ (ಹಾಯಿಕಂಬ) ತುದಿಯಲ್ಲಿ ಇನ್ನೂ ಗಾಳಿ ಇರಬಹುದು, ಮೇಲಿನ ಗಾಳಿಮುಳ್ಳನ್ನು ಆಗಾಗ ನೋಡು. ಆಗ ಪ್ರತಿ ಟ್ಯಾಕ್ ದುಬಾರಿ, ಕಳೆದ ವೇಗ ವಾಪಸ್ ಬರಲು ಬಹಳ ಹೊತ್ತು ಹಿಡಿಯುತ್ತದೆ. ಎಲ್ಲರೂ ಗಾಳಿ ಹೋಗುವ ಕಡೆಯ ಬದಿಗೆ ಸರಿದು ಕೂತರೆ ದೋಣಿ ಸ್ವಲ್ಪ ವಾಲುತ್ತದೆ, ಹಾಯಿ ತನ್ನ ಭಾರಕ್ಕೇ ಆಕಾರ ಹಿಡಿಯುತ್ತದೆ. ಯಾರೂ ಧಡಧಡ ನಡೆಯಬಾರದು. ಒಂದು ವಿಷಯ ಜನ ಮರೆಯುತ್ತಾರೆ: ಗಾಳಿ ಸತ್ತರೆ ಕಮಿಟಿ ಎಸ್ ಬಾವುಟ ಏರಿಸಿ ರೇಸನ್ನು ನಡುವೆಯೇ ಮುಗಿಸಬಹುದು. ಕೊನೆ ಸುತ್ತಿನಲ್ಲಿ ನೋಡಿಕೊಳ್ಳೋಣ ಅನ್ನುವ ಯೋಜನೆ ಸಂಜೆ ರೇಸಿಗೆ ಹೊಂದುವುದಿಲ್ಲ.

ಗಾಳಿ ಹಿಂದಿನಿಂದ ಬರುವಾಗ ಬಿಚ್ಚುವ ದೊಡ್ಡ ಹಾಯಿ ಸ್ಪಿನ್ನೇಕರ್ ಬಗ್ಗೆ ನಾನೇನೂ ಹೇಳುವುದಿಲ್ಲ. ಅದನ್ನು ದಡದಲ್ಲಿ ಕಟ್ಟಿ ಬಿಚ್ಚಿ ಕಲಿಯಬೇಕು, ಪತ್ರದಲ್ಲಲ್ಲ.

ಮಾತಿನ ವಿಚಾರಕ್ಕೆ ಬರುತ್ತೇನೆ. ನೋಡುವವರು ಎಲ್ಲರೂ ಆಗಿರಲಿ, ನಿರ್ಧಾರದ ದನಿ ಒಂದೇ ಇರಲಿ. ನಿಮ್ಮಲ್ಲಿ ಆ ದನಿ ಸ್ಕಿಪ್ಪರ್ ಅವರದ್ದು, ಅವರು ನಿನಗೆ ಕೊಡುವವರೆಗೆ. ನಿನ್ನ ಕೆಲಸ ಅವರು ಕೇಳುವ ಮೊದಲೇ ಕಂಡದ್ದನ್ನು ಹೇಳುವುದು. ‘ಬಲಗಡೆ ಚೆನ್ನಾಗಿದೆ’ ಅನ್ನಬೇಡ, ಅದರಿಂದ ಅವರಿಗೆ ಏನೂ ಮಾಡಲು ಆಗುವುದಿಲ್ಲ. ‘ಬಲಗಡೆ ಗಾಳಿ, ಮೇಲ್ಗಡೆ ಖಾಲಿ, ಈಗ ಟ್ಯಾಕ್ ಮಾಡಬಹುದು’ ಅನ್ನು. ರೇಸ್ ಮುಗಿಯುವವರೆಗೆ ‘ಯಾಕೆ ಹಾಗೆ ಮಾಡಿದಿರಿ’ ಅನ್ನುವ ಪ್ರಶ್ನೆ ಯಾರ ಬಾಯಲ್ಲೂ ಬರಬಾರದು. ಕೂಗಾಡುವ ದೋಣಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅಲ್ಲಿ ಎಲ್ಲರೂ ನೀರು ನೋಡುವುದು ಬಿಟ್ಟು ಕೂಗುವವರ ಮುಖ ನೋಡುತ್ತಿರುತ್ತಾರೆ.

ನಿಮ್ಮ ದೋಣಿಗೆ ಹೊಸ ಹುಡುಗ ಬಂದಿದ್ದಾನೆ, ಕೆಲಸಕ್ಕೆ ಬರುವುದಿಲ್ಲ ಅಂತ ಬರೆದಿದ್ದೀಯ. ಸಂಜೆ ರೇಸ್‌ಗಳಲ್ಲಿ ಹೊಸಬರು ಬರುತ್ತಲೇ ಇರುತ್ತಾರೆ, ಕ್ಲಬ್ ಇರುವುದೇ ಅದಕ್ಕೆ. ಅವನಿಗೆ ಹಗ್ಗ ಕೊಡಬೇಡ, ಅಂಚಿನಲ್ಲಿ ಕೂರಿಸಿ ಬೀಸುಗಾಳಿ ಎಣಿಸಲು ಹೇಳು. ಕಪ್ಪು ಪಟ್ಟೆ ಹತ್ತಿರ ಬರುವಾಗ ‘ಮೂರು, ಎರಡು, ಒಂದು’ ಅಂತ. ಆ ಎಣಿಕೆ ಕೇಳಿಯೇ ಮೇನ್ ಹಿಡಿದವರು ಹಗ್ಗ ಸಡಿಲಿಸಬೇಕು, ಉಳಿದವರು ಹೊರಗೆ ಬಾಗಬೇಕು. ಮೊದಮೊದಲು ಅವನ ‘ಒಂದು’ ಗಾಳಿ ಬಂದುಹೋದ ಮೇಲೆ ಬರುತ್ತದೆ. ಆದರೂ ಅವನ ಕೈಯಿಂದ ಆ ಕೆಲಸ ಕಿತ್ತುಕೊಳ್ಳಬೇಡ. ರೇಸ್ ಮುಗಿಯುವಷ್ಟರಲ್ಲಿ ನೀನು ಆ ಕಡೆ ತಿರುಗಿ ನೋಡುವ ಅಗತ್ಯ ಇರುವುದಿಲ್ಲ, ಎದುರಾಳಿಗಳನ್ನು ನೋಡಲು ನಿನ್ನ ಕಣ್ಣು ಖಾಲಿ ಇರುತ್ತದೆ.

ಪ್ರೀತಿಯಿಂದ,
ಅಮ್ಮ