ಗುಂಡಿಗೆ ಬಿದ್ದವರ ಮೇಲೆಯೇ ಮೊಕದ್ದಮೆ: ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರೇ,

ಜಿಲ್ಲಾ ನ್ಯಾಯಾಲಯವೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುತ್ತಿದ್ದೇನೆ. ಲಾರಿ ಗುದ್ದಿದವರು, ಬಸ್ಸಿನಿಂದ ಬಿದ್ದವರು ಬಂದರೆ ಹೇಳಲು ನನ್ನ ಬಳಿ ಏನಾದರೂ ಇರುತ್ತದೆ. ರಸ್ತೆಗುಂಡಿಗೆ ಬಿದ್ದವರು ಬಂದಾಗ ಮಾತ್ರ ಕುರ್ಚಿ ತೋರಿಸಿ, ಮಾತು ಎಲ್ಲಿಂದ ಶುರು ಮಾಡಲಿ ಎಂದು ತಡವರಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಬಂದವರು ಹೊಲಿಗೆ ಕೆಲಸದ ಒಬ್ಬ ಮಹಿಳೆ. ಸಂಜೆ ಮಳೆ ನಿಂತ ಮೇಲೆ ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದರು. ರಸ್ತೆಯ ಮೇಲೆ ನಿಂತ ನೀರು ಎಲ್ಲ ಕಡೆಯೂ ಒಂದೇ ತರಹ ಕಾಣುತ್ತದೆ; ಅದರ ಕೆಳಗೆ ಅಂಗೈಯಷ್ಟು ಆಳವಿದೆಯೋ ಮೊಣಕಾಲುದ್ದವಿದೆಯೋ ಚಕ್ರ ಇಳಿದ ಮೇಲೆಯೇ ತಿಳಿಯುವುದು. ಬಲಗಾಲಿನ ಹರಡು ಮುರಿಯಿತು. ಪ್ಲೇಟು, ಆರು ಸ್ಕ್ರೂ. ಯಂತ್ರದ ಪೆಡಲ್ ತುಳಿಯುವುದು ಅದೇ ಕಾಲಿನಲ್ಲಿ.

ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರು ನಡೆದದ್ದು ಮೂರನೆಯ ದಿನ. ಅಷ್ಟರೊಳಗೆ ಯಾರೋ ಒಂದು ಟ್ರ್ಯಾಕ್ಟರ್ ಜಲ್ಲಿ ಸುರಿದು ಗುಂಡಿ ಮುಚ್ಚಿದ್ದರು. ವರ್ಷವಿಡೀ ಅರ್ಜಿ ಕೊಟ್ಟರೂ ಬಾರದ ಜಲ್ಲಿ ಒಬ್ಬರು ಬಿದ್ದ ಮರುದಿನ ಬರುತ್ತದೆ ಎಂಬುದನ್ನು ಎಷ್ಟೋ ಸಲ ನೋಡಿದ್ದೇನೆ. ಮಹಜರಿನಲ್ಲಿ ಬರೆದಿದ್ದು: ‘ಸದರಿ ರಸ್ತೆಯು ನೇರವಾಗಿದ್ದು, ವಾಹನ ಸಂಚಾರಕ್ಕೆ ಯೋಗ್ಯವಾಗಿರುತ್ತದೆ.’ ಹಾಗಿದ್ದರೆ ತಪ್ಪು ಯಾರದ್ದು? ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ, ಅಡ್ಡಾದಿಡ್ಡಿ ಚಾಲನೆಗಾಗಿ, ಆ ಮಹಿಳೆಯ ಮೇಲೆಯೇ ಪ್ರಕರಣ ದಾಖಲಾಯಿತು. ಒಂದೇ ದಿನದಲ್ಲಿ ಮುಗಿದುಹೋಗುತ್ತದೆ ಎಂದು ಯಾರೋ ಹೇಳಿದ ಮಾತು ಕೇಳಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ನನ್ನ ಬಳಿ ಬಂದಾಗ ಆ ರಸೀದಿಯೂ ಕೈಯಲ್ಲಿತ್ತು. ತಮ್ಮ ಮೊಕದ್ದಮೆಯನ್ನು ತಾವೇ ಅರ್ಧ ಸೋತು ಬಂದಿರುವುದು ಅವರಿಗೆ ಗೊತ್ತಿರಲಿಲ್ಲ.

ಅವರ ಮುಂದಿದ್ದ ದಾರಿಗಳನ್ನು ಕೇಳಿ. ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ, ತಪ್ಪು ಮಾಡಿದ ಇನ್ನೊಂದು ವಾಹನ ಎಲ್ಲಿ ಎಂದು ಕೇಳುತ್ತಾರೆ. ಸ್ವಂತ ಸ್ಕೂಟರಿನ ವಿಮೆ ಇರುವುದು ಮೂರನೆಯವರಿಗಾಗಿ, ಮಾಲೀಕರಿಗಲ್ಲ. ಮಾಲೀಕ ಚಾಲಕರಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯಾದರೂ ಅದು ಸತ್ತವರಿಗೆ, ಕೈಕಾಲು ಕಣ್ಣು ಕಳೆದುಕೊಂಡವರಿಗೆ, ಶಾಶ್ವತವಾಗಿ ಪೂರ್ತಿ ಅಶಕ್ತರಾದವರಿಗೆ. ಮೂಳೆ ಕೂಡಿಕೊಂಡು ಕುಂಟುವವರಿಗೆ ಅದರಲ್ಲಿ ಜಾಗವಿಲ್ಲ. ಉಳಿದದ್ದು ಸಿವಿಲ್ ದಾವೆ. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕು. ಪ್ರತಿವಾದಿ ಸರ್ಕಾರವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಮೊದಲು ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಅದಕ್ಕೂ ಮೊದಲು ರಸ್ತೆ ಯಾರದ್ದೆಂದು ಪತ್ತೆ ಮಾಡಬೇಕು. ನಾನು ಬರೆದ ಮೂರು ಪತ್ರಗಳಿಗೆ ಬಂದ ಉತ್ತರಗಳ ಸಾರ: ರಸ್ತೆ ನಮ್ಮದಲ್ಲ; ರಸ್ತೆ ನಮ್ಮದು, ಆದರೆ ಅಗೆದವರು ಬೇರೆಯವರು; ಅಗೆದದ್ದು ನಿಜ, ಆದರೆ ಗುತ್ತಿಗೆದಾರನಿಗೆ ವಹಿಸಿತ್ತು.

ಕಾನೂನಿನಲ್ಲಿ ತತ್ತ್ವದ ಕೊರತೆಯಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, ದೋಷ ಕಣ್ಣಿಗೆ ಕಾಣುತ್ತಿರಲಿಲ್ಲ ಎಂಬ ನೆಪ ಹೇಳಿ ಪಾಲಿಕೆ ಪಾರಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1966ರಲ್ಲೇ ಹೇಳಿತ್ತು. ನಮ್ಮ ಹೈಕೋರ್ಟ್ 2019ರಲ್ಲಿ, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಗುಂಡಿಗಳಿಂದ ನೊಂದವರ ಪರಿಹಾರದ ಬೇಡಿಕೆಯನ್ನು ಪರಿಗಣಿಸುವಂತೆ ಬೆಂಗಳೂರಿನ ಪಾಲಿಕೆಗೆ ನಿರ್ದೇಶಿಸಿತು. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೊತ್ತವನ್ನೇ ಗೊತ್ತುಮಾಡಿತು: ಸಾವಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ 2.5 ಲಕ್ಷ ರೂಪಾಯಿ.

ಸಂಸತ್ತೂ ಸುಮ್ಮನೆ ಕೂತಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು, ಅಂಗವೈಕಲ್ಯ ಉಂಟಾದರೆ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ 1 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಸೇರುವುದು ಮೋಟಾರು ವಾಹನ ಅಪಘಾತ ನಿಧಿಗೆ, ಹರಡು ಮುರಿದುಕೊಂಡವರ ಕೈಗಲ್ಲ. ನನ್ನ ಹತ್ತೊಂಬತ್ತು ವರ್ಷಗಳ ಕಡತಗಳಲ್ಲಿ ಈ ಕಲಮು ಹಾಕಿದ ಒಂದೇ ಒಂದು ಆರೋಪಪಟ್ಟಿಯನ್ನೂ ನಾನು ಕಂಡಿಲ್ಲ. ಸವಾರರ ಮೇಲೆ 281 ಬರೆಯಲು ಪೊಲೀಸರಿಗೆ ಹತ್ತು ನಿಮಿಷ ಸಾಕು.

ನಿಮ್ಮನ್ನು ಕೇಳುವುದು ಇಷ್ಟು. ಗುಂಡಿ ಮುಚ್ಚಲಿ, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಮುಚ್ಚುವ ಮೊದಲು ಫೋಟೊ, ಉದ್ದ, ಅಗಲ, ಆಳ ದಾಖಲಾಗಲಿ. ಅಂದು ಆ ರಸ್ತೆಯ ನಿರ್ವಹಣೆ ಯಾರ ಹೊಣೆಯಾಗಿತ್ತು ಎಂಬುದನ್ನು ಎಂಜಿನಿಯರ್ ಸಹಿ ಹಾಕಿ ಮಹಜರಿಗೆ ಸೇರಿಸಲಿ. ಇದಕ್ಕೆ ಕಾಯ್ದೆ ಬೇಡ, ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು. ಇತರ ವಾಹನವಿಲ್ಲದ ಅಪಘಾತದಲ್ಲಿ ರಸ್ತೆಯ ಸ್ಥಿತಿಯನ್ನು ನೋಡದೆ ಸವಾರರನ್ನು ಆರೋಪಿ ಮಾಡುವುದಕ್ಕೂ ಅದೇ ಸುತ್ತೋಲೆ ತಡೆ ಹಾಕಲಿ.

ಎರಡನೆಯದಕ್ಕೆ ಕಾಯ್ದೆಯೇ ಬೇಕು. ರಸ್ತೆಯ ದೋಷದಿಂದ ಗಾಯಗೊಂಡವರು ಅಲ್ಪ ಶುಲ್ಕದಲ್ಲಿ, ಪರಿಹಾರ ನ್ಯಾಯಮಂಡಳಿಯ ಮಾದರಿಯಲ್ಲೇ ಅರ್ಜಿ ಹಾಕುವಂತಾಗಲಿ. ರಸ್ತೆ ಯಾರದ್ದು ಎಂಬ ಜಗಳ ಇಲಾಖೆಗಳ ನಡುವೆ ಆಮೇಲೆ ನಡೆಯಲಿ. ಮೊದಲು ಪರಿಹಾರ ಕೊಡಲಿ. ಇದು ಕೇಂದ್ರದ ವಿಷಯ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಆದರೆ ರಸ್ತೆ, ಸ್ಥಳೀಯ ಸಂಸ್ಥೆ, ನ್ಯಾಯಾಲಯ ಶುಲ್ಕ ರಾಜ್ಯಪಟ್ಟಿಯಲ್ಲಿವೆ. ಪರಿಹಾರಕ್ಕೆ ದಾವೆ ಹೂಡಬಹುದಾದ ಅಪಕೃತ್ಯಗಳು, ಕೇಂದ್ರ ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 8ನೇ ನಮೂದು. ರಾಷ್ಟ್ರೀಯ ಹೆದ್ದಾರಿಗಳನ್ನು ಬಿಟ್ಟರೂ ಉಳಿಯುವ ರಸ್ತೆ ಬೇಕಾದಷ್ಟಿದೆ.

ಸವಾರರ ಅಜಾಗರೂಕತೆ ಇರುವುದೇ ಇಲ್ಲವೇ? ಇರುತ್ತದೆ. ಅದಕ್ಕೆ ತಕ್ಕಂತೆ ಪರಿಹಾರದಲ್ಲಿ ಪಾಲು ಕಡಿಯುವುದು ನ್ಯಾಯಮಂಡಳಿಗೆ ದಿನನಿತ್ಯದ ಕೆಲಸ. ಶೇಕಡಾ 25 ತಪ್ಪು ನಿಮ್ಮದು ಎಂದರೆ ನನ್ನ ಕಕ್ಷಿದಾರರು ಒಪ್ಪಿಯಾರು. ನೂರಕ್ಕೆ ನೂರು ಎಂಬುದನ್ನು ಒಪ್ಪುವುದು ಕಷ್ಟ.

ಅವರ ದಾವೆ ಈಗ ನಡೆಯುತ್ತಿದೆ. ಲಿಖಿತ ಹೇಳಿಕೆ ಸಲ್ಲಿಸಲು ಪ್ರತಿವಾದಿಗಳು ಮೂರನೆಯ ಸಲ ಕಾಲಾವಕಾಶ ಕೇಳಿದ್ದಾರೆ. ಅಂದು ಸುರಿದ ಜಲ್ಲಿ ಎರಡೇ ಮಳೆಗೆ ಎದ್ದುಹೋಯಿತು. ಕಳೆದ ಭಾನುವಾರ ಟೇಪು ಹಿಡಿದು ನಾನೇ ಅಳತೆ ತೆಗೆದೆ: ಉದ್ದ ನಾಲ್ಕು ಅಡಿ, ಅಗಲ ಎರಡೂವರೆ, ಆಳ ಒಂಬತ್ತು ಇಂಚು. ಬೇಕಿದ್ದರೆ ಫೋಟೊ ಸಹಿತ ನಿಮ್ಮ ಕಚೇರಿಗೆ ಕಳುಹಿಸುತ್ತೇನೆ; ಯಾರೂ ಬೀಳುವ ಮೊದಲೇ.

ಇಂತಿ,
ಜಿಲ್ಲಾ ನ್ಯಾಯಾಲಯದ ಒಬ್ಬ ವಕೀಲ