ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ

ನಮ್ಮ ಎರಡನೇ ಶನಿವಾರದ ಕೂಟಕ್ಕೆ ಈ ತಿಂಗಳು ಐದು ವರ್ಷ ತುಂಬಿತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ರಸಾಯನಶಾಸ್ತ್ರದ ಅಧ್ಯಾಪಕರು ಕೆಲವರು ಸೇರಿ, ಪಾಠ ಹೇಳುವುದನ್ನು ಕಲಿಯುವ ಕೂಟ ಇದು. ಬಡ್ತಿಗೆ ಬೇಕಾದ ಪುನಶ್ಚೇತನ ಶಿಬಿರಗಳನ್ನು ನಾನೂ ಮುಗಿಸಿದ್ದೇನೆ. ಪ್ರಮಾಣಪತ್ರಗಳು ಕಡತದಲ್ಲಿ ಭದ್ರವಾಗಿವೆ. ಶಿಬಿರದಿಂದ ಮರಳಿದ ಸೋಮವಾರವೇ ಹಳದಿಗಟ್ಟಿದ ಟಿಪ್ಪಣಿಯನ್ನು ಮತ್ತೆ ಕಪ್ಪುಹಲಗೆಗೆ ಇಳಿಸಿದ್ದೆ ಎಂಬುದು ಬೇರೆ ಮಾತು.

ಕೂಟದ ಹಿರಿಯರೊಬ್ಬರು ಒಂದು ದಿನ ನನ್ನ ಎಂ.ಎಸ್ಸಿ. ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಇಪ್ಪತ್ತು ವರ್ಷ ಪಾಠ ಮಾಡಿದವನ ಕೈ ಅಂದು ನಡುಗಿತು. ಕೊನೆಯಲ್ಲಿ ಅವರು ವಿದ್ಯಾರ್ಥಿಗಳಿಗೆ ಚೀಟಿ ಹಂಚಿ ಕೇಳಿದ್ದು ಒಂದೇ ಪ್ರಶ್ನೆ: ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ? ಚೀಟಿಗಳನ್ನು ಬಿಡಿಸಿದರೆ ಅರ್ಧದಷ್ಟು ಮಂದಿ ಹೈಡ್ರೋಜನ್ ಮತ್ತು ಆಕ್ಸಿಜನ್ ಎಂದಿದ್ದರು, ಕೆಲವರು ಗಾಳಿ ಎಂದಿದ್ದರು. ನೀರಾವಿ ಎಂದವರು ನಾಲ್ವರು. ಕುದಿಯುವಾಗ ಅಣುಗಳು ಒಂದನ್ನೊಂದು ಬಿಟ್ಟು ದೂರವಾಗುತ್ತವೆ, ಅಣು ಒಡೆಯುವುದಿಲ್ಲ. ಆವೀಕರಣದ ಉಷ್ಣವನ್ನು ದಶಮಾಂಶದವರೆಗೆ ಲೆಕ್ಕ ಹಾಕುವ ಮಕ್ಕಳಿಗೆ ಇಷ್ಟು ಹೇಳದೇ ಹೋದವನು ನಾನೇ. ಅಂದು ಮಧ್ಯಾಹ್ನದ ಊಟ ಸೇರಲಿಲ್ಲ.

ಸರ್, ನೀವು ಬೈಯಲಿಲ್ಲ. ರಸಾಯನಶಾಸ್ತ್ರ ಬೋಧನೆಯ ಸಂಶೋಧಕ ಅಲೆಕ್ಸ್ ಜಾನ್‌ಸ್ಟನ್ ಅವರು 1991ರಲ್ಲಿ ಮುಂದಿಟ್ಟ ತ್ರಿಕೋನವನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟಿರಿ: ಕಣ್ಣಿಗೆ ಕಾಣುವುದು, ಅಣುಗಳ ನಡುವೆ ನಡೆಯುವುದು, ಚಿಹ್ನೆಗಳಲ್ಲಿ ಬರೆಯುವುದು. ನಾನು ಮೂರನೆಯ ಮೂಲೆಯಲ್ಲೇ ಬಿಡಾರ ಹೂಡಿದ್ದೆ. ಆ ಚೀಟಿ ಈಗಲೂ ನನ್ನ ಮೇಜಿನ ಗಾಜಿನಡಿಯಲ್ಲಿದೆ.

ಸಾಗರದ ಮೇಡಂ, ಅಪಕರ್ಷಣದ (ಎಲೆಕ್ಟ್ರಾನ್ ಪಡೆಯುವ ಕ್ರಿಯೆಯ) ಪಾಠಕ್ಕೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸಿ ಎಂದು ನೀವು ಹೇಳಿದಾಗ ಒಳಗೊಳಗೇ ನಕ್ಕಿದ್ದೆ, ಕ್ಷಮಿಸಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಬೀಕರಿಗೆ ಇಳಿಸಿದೆವು. ತೋಟದ ಮನೆಯ ಹುಡುಗಿಯೊಬ್ಬಳು ಎದ್ದುಬಂದು ಅದರಲ್ಲಿ ಕತ್ತಿಯ ಅಲಗು ಅದ್ದಿದಳು. ಅಲಗಿನ ಮೇಲೆ ಕೆಂಪು ಕೂತಿತು. "ಸುಣ್ಣ ಸಾಲದು ಸರ್, ಹೀಗೇ ಹೊಡೆದರೆ ಎಳೆ ಅಡಿಕೆ ಸುಡುತ್ತದೆ" ಎಂದಳು. ಕಬ್ಬಿಣ ಕರಗಿ ತಾಮ್ರ ಹೊರಬೀಳುವುದನ್ನು ಅವಳು ಪ್ರತಿ ಮಳೆಗಾಲವೂ ಕೊಳೆ ಔಷಧಿ ಹೊಡೆಯುವ ಹೊತ್ತಿಗೆ ಕಂಡವಳು. ಅದರ ಸಮೀಕರಣ ಮಾತ್ರ ಅವಳಿಗೆ ಹೊಸದು. ಅವಳಿಗೂ ನನ್ನ ನಮಸ್ಕಾರ.

ಆ ಬೀಕರುಗಳನ್ನು ಗೊಣಗದೆ ತೊಳೆದ ಪ್ರಯೋಗಾಲಯದ ಸಹಾಯಕರಿಗೂ. (ಸ್ವಲ್ಪ ಗೊಣಗಿದ್ದರು.)

ಮುಂದಿನ ವಾರ ಮತ್ತೆ ನನ್ನ ಸರದಿ, ರಾಸಾಯನಿಕ ಸಮತೋಲನದ ಪಾಠ. ಹಿಂದಿನ ಬೆಂಚು ಒರೆಸಿಟ್ಟಿರುತ್ತೇನೆ, ಬನ್ನಿ.